ನಡಾವಳಿಯಲ್ಲಿ ಬರೆದ ಮಾತು

ನಮ್ಮ ಬಡಾವಣೆಯ ಸಂಘಕ್ಕೆ ಎರಡು ವರ್ಷ ನಾನೇ ನಡಾವಳಿ ಬರೆದೆ. ಕೇಳಿ ಪಡೆದ ಕೆಲಸವಲ್ಲ. ಎಂ.ಎ. ಓದಿದ್ದಾಳೆ, ದಾವಣಗೆರೆಯಲ್ಲಿ ನೌಕರಿ, ಅಕ್ಷರ ದುಂಡಗಿದೆ ಎಂದು ಗೊತ್ತಾಗುತ್ತಲೇ ಸಂಘದ ಅಧ್ಯಕ್ಷರು ಪುಸ್ತಕವನ್ನು ನನ್ನ ಕೈಗಿಟ್ಟರು. ಅವರು ನಿವೃತ್ತ ಹೆಡ್‌ಮಾಸ್ತರು. ಎಲ್ಲರೂ ಮೇಷ್ಟ್ರು ಎನ್ನುತ್ತಾರೆ.

ಹರಪನಹಳ್ಳಿ ಸೀಮೆ ಮುಗಿದು ತುಂಗಭದ್ರೆ ಸಿಗುವಲ್ಲಿ ನಮ್ಮ ಬಡಾವಣೆ ಇದೆ. ಐದು ವರ್ಷದ ಹಿಂದೆ ಅದು ಮೆಕ್ಕೆಜೋಳದ ಹೊಲ. ಈಗ ದಾವಣಗೆರೆಗೆ ದಿನಾ ಹೋಗಿಬರುವವರ ಮನೆಗಳು, ಹಾಲಿನ ಬೂತು, ಟ್ಯೂಷನ್ ಬೋರ್ಡು, ತಿಂಗಳಿಗೊಂದು ಗೃಹಪ್ರವೇಶ. ಅಪ್ಪನಿಗೆ ಹಡಗಲಿಯಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನ ಮನೆಯಲ್ಲಿ ಅವ್ವ ಮತ್ತು ನಾನು.

ಬಂದ ಹೊಸದರಲ್ಲಿ ಅಕ್ಕಪಕ್ಕದವರು ಯಾವೂರು ಎಂದು ಕೇಳಿದರು. ಬಾಗಳಿ ಹತ್ತಿರ ಎಂದಳು ಅವ್ವ. ಊರಾಗ ಮನಿ ಯಾವ ಕಡಿಗೆ ಬರ್ತೈತ್ರಿ ಎಂಬುದು ಮುಂದಿನ ಪ್ರಶ್ನೆ. ಊರಿನ ಯಾವ ದಿಕ್ಕಿಗೆ ಯಾರ ಓಣಿ ಇರುತ್ತದೆಂಬುದು ಈ ಕಡೆ ಎಲ್ಲರಿಗೂ ಗೊತ್ತು. ಅವ್ವ ಮುಚ್ಚಿಡದೆ ಹೇಳಿದಳು. ಆಮೇಲೆ ನಮ್ಮ ಮನೆಗೆ ಅರಿಶಿನ ಕುಂಕುಮದ ಕರೆ ನಿಂತಿತು. ನಡಾವಳಿ ಪುಸ್ತಕ ಮಾತ್ರ ಬರುತ್ತಿತ್ತು.

ಕಳೆದ ವರ್ಷ ಸಂಘ ಹೊಳೆಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿತು. ಶ್ರಾವಣದಲ್ಲಿ ಹೊಳೆ ತುಂಬಿದಾಗ ನಮ್ಮ ಕಡೆ ಹೆಂಗಸರು ಗಂಗಮ್ಮನಿಗೆ ಉಡಿ ತುಂಬುತ್ತಾರೆ. ಈ ವರ್ಷ ಅವ್ವನೂ ಕುಪ್ಪಸದ ಕಣ, ಕಾಯಿ, ಬಳೆ, ಎಲೆ ಅಡಿಕೆ ಮೊರದಲ್ಲಿ ಜೋಡಿಸಿಕೊಂಡು ಹೋದಳು. ಅರ್ಧ ಗಂಟೆಯಲ್ಲಿ ತುಂಬಿದ ಮೊರದೊಂದಿಗೇ ತಿರುಗಿ ಬಂದಳು. ಮೇಷ್ಟ್ರ ಹೆಂಡತಿ ಮೆಟ್ಟಿಲ ಮೇಲೆ ನಿಂತು, ಬಲು ಮರ್ಯಾದೆಯಿಂದ, ನೀವು ಕೆಳಗ ಉಸುಕಿನ ಕಡಿ ಹೋಗ್ರಿ ಅಂದರಂತೆ. ಅಲ್ಲಿ ಬಡಾವಣೆಯ ಚರಂಡಿ ಹೊಳೆಗೆ ಬೀಳುತ್ತದೆ. ಇಷ್ಟನ್ನೂ ನಾನು ಒತ್ತಾಯ ಮಾಡಿ ಕೇಳಿದ ಮೇಲೆ ಹೇಳಿದಳು. ಆ ಕಾಯಿಯನ್ನು ಒಡೆದು ಸಂಜೆ ಚಟ್ನಿ ಅರೆದಳು. ನನಗೆ ಉಣ್ಣಲಾಗಲಿಲ್ಲ.

ಮುಂದಿನ ಭಾನುವಾರ ಸಭೆ. ಮೇಷ್ಟ್ರು ತಾವೇ ವಿಷಯ ಎತ್ತಿದರು. "ಮೆಟ್ಲು ಎಲ್ಲಾರಿಗೂ ಅಲ್ರಿ. ಉಡಿ ತುಂಬೋ ಕಡಿ ಅವರ ಜನ ಇಳೀಬಾರದು," ಎಂದರು. ಯಾರ ಜನ ಎಂದು ಒಬ್ಬರು ಕೇಳಿದ್ದಕ್ಕೆ ನಮ್ಮ ಜಾತಿಯ ಹೆಸರನ್ನೇ ಹೇಳಿದರು. ಹೇಳಿದ ಮೇಲೆ ನನ್ನ ಕಡೆ ತಿರುಗಿದರು.

"ತಪ್ಪು ತಿಳೀಬ್ಯಾಡ್ರಿ ಮೇಡಂ, ನಿಮಗಂತ ಅಲ್ಲ. ನೀವು ಓದಿದೋರು. ಅವ್ವಾರಿಗೆ ಸ್ವಲ್ಪ ತಿಳಿಸಿ ಹೇಳ್ರಿ."

ಅದುವರೆಗೆ ಅವರು ಯಾರನ್ನು ಬೈದರೂ ನಾನು 'ಸುದೀರ್ಘವಾಗಿ ಚರ್ಚಿಸಲಾಯಿತು' ಎಂದು ಬರೆಯುತ್ತಿದ್ದೆ. ಆ ದಿನ ಅವರ ಬಾಯಿಂದ ಬಂದದ್ದನ್ನೇ ಬರೆದೆ. ಜಾತಿಯ ಹೆಸರು, ಯಾರು ಹೇಳಿದರು, ಯಾರು ಹೌದೆಂದರು, ಎಲ್ಲ. ಕೊನೆಗೆ ಮಂಡಕ್ಕಿ ಮಿರ್ಚಿ ಬಂತು. ಪ್ರತಿ ಸಭೆಯಲ್ಲೂ ಆಗುವಂತೆ ಪುಸ್ತಕ ಪ್ಲೇಟುಗಳ ನಡುವೆ ಕೈಯಿಂದ ಕೈಗೆ ಹೋಯಿತು. ಹನ್ನೊಂದು ಜನ ಎಣ್ಣೆ ಬೆರಳಲ್ಲೇ ಸಹಿ ಹಾಕಿದರು. ಒಬ್ಬರೂ ಓದಲಿಲ್ಲ. ಮೇಷ್ಟ್ರು ಸಹಿಯ ಕೆಳಗೆ ಎರಡು ಗೆರೆ ಎಳೆದರು.

ಮೆಟ್ಟಿಲನ್ನು ಇನ್ನಷ್ಟು ಅಗಲ ಮಾಡಿಸಿಕೊಡುವಂತೆ ತಾಲೂಕು ಕಚೇರಿಗೆ ಅರ್ಜಿ ಹಾಕಬೇಕೆಂದು ಅದೇ ಸಭೆಯಲ್ಲಿ ತೀರ್ಮಾನವಾಗಿತ್ತು. ಅರ್ಜಿಯ ಜೊತೆ ಆ ಸಭೆಯ ನಡಾವಳಿಯ ನಕಲು ಇಡಬೇಕು. ಇಟ್ಟೆ. ಪ್ರತಿ ಪುಟಕ್ಕೂ ಸಂಘದ ಸೀಲು ಒತ್ತಿ ನಾನೇ ಕೊಟ್ಟು ಬಂದೆ.

ಎರಡು ತಿಂಗಳ ಮೇಲೆ ಒಬ್ಬ ಅಧಿಕಾರಿ ಸ್ಥಳ ನೋಡಲು ಬಂದರು. ಮೆಟ್ಟಿಲನ್ನು ಅಳೆಯುತ್ತಾರೆಂದು ಮೇಷ್ಟ್ರು ಟೇಪು ಹಿಡಿದು ನಿಂತಿದ್ದರು. ಅಧಿಕಾರಿ ಎಲ್ಲರನ್ನೂ ಕೂರಿಸಿ ನಕಲನ್ನು ಗಟ್ಟಿಯಾಗಿ ಓದಿದರು. ಈ ಸಹಿ ಯಾರದು ಎಂದು ಒಬ್ಬೊಬ್ಬರನ್ನೇ ಕೇಳಿದರು. ಮೂಲ ಪುಸ್ತಕವನ್ನು ತೆಗೆದುಕೊಂಡು ಹೋದರು. ಮೇಷ್ಟ್ರ ಮುಖದ ಬಣ್ಣ ಹೋಗುವುದನ್ನು ನಾನು ಕಣ್ಣು ಕೀಳದೆ ನೋಡಿದೆ. ಅಂಥ ಸುಖ ನನಗೆ ಪದವಿ ಪತ್ರ ಕೈಗೆ ಬಂದ ದಿನವೂ ಆಗಿರಲಿಲ್ಲ.

ಮರುದಿನ ಮೇಷ್ಟ್ರು ನಮ್ಮ ಮನೆಗೆ ಬಂದರು. ನಾನು ಕೂರಲು ಹೇಳಲಿಲ್ಲ. ಅವ್ವ ನೀರು ತಂದುಕೊಟ್ಟಳು. ಅವರು ತಂಬಿಗೆಯನ್ನು ಒಮ್ಮೆ ನೋಡಿ, ಪೂರ್ತಿ ಕುಡಿದರು.

"ಬರೆಯೋದ್ರಾಗ ತಪ್ಪಾತು ಅಂತ ಒಂದು ಕಾಗದ ಕೊಟ್ಬಿಡ್ರಿ ಮೇಡಂ. ಕೇಸಾದ್ರ ಹೆಂಗ್ರಿ, ಪಿಂಚಣಿ ಮ್ಯಾಲೆ ಬದುಕೋನು ನಾನು."

"ನೀವು ಹೇಳಿದ್ದು ಬಿಟ್ಟು ಒಂದಕ್ಷರ ಹೆಚ್ಚಿಗಿ ಬರದೀನೇನ್ರಿ?"

ಶುಕ್ರವಾರ ಅವ್ವ ಉಡಿ ತುಂಬಲು ಬರುತ್ತಾಳೆ, ನಿಮ್ಮ ಮನೆಯವರು ಮೆಟ್ಟಿಲ ಮೇಲೆ ನಿಂತಿರಲಿ ಎಂದೆ. ಮಾತಾಡಬೇಕಿಲ್ಲ, ನಿಂತಿದ್ದರೆ ಸಾಕು.

ಶ್ರಾವಣ ಕಳೆದಿತ್ತು, ನೀರು ಇಳಿದಿತ್ತು. ಅವ್ವ ಮೊದಲು ಬ್ಯಾಡ ಅಂದಳು. ನಾನು ಮೊರ ತೊಳೆದಿಟ್ಟ ಮೇಲೆ ಸುಮ್ಮನೆ ಎದ್ದಳು. ಮೇಷ್ಟ್ರ ಹೆಂಡತಿ ಮೇಲಿನ ಮೆಟ್ಟಿಲಲ್ಲಿ ಸೆರಗು ಹಿಡಿದು ನಿಂತಿದ್ದರು. ಅವ್ವ ಅವರ ಪಕ್ಕದಿಂದಲೇ ಇಳಿದಳು. ಮಂಡಿ ಮಟ್ಟ ನೀರಲ್ಲಿ ನಿಂತು ಉಡಿ ಬಿಟ್ಟಳು. ಹತ್ತಿ ಬರುವಾಗ ಕುಂಕುಮದ ಬಟ್ಟಲು ಮುಂದೆ ಹಿಡಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆ ಹೆಂಗಸು ಹಚ್ಚಿಕೊಂಡು ಅತ್ತರು.

"ಇನ್ನ ಸಾಕು, ನನ್ನವ್ವ. ಕಾಗದ ಬರದು ಕೊಟ್ಬಿಡು," ಎಂದಳು ಅವ್ವ ದಾರಿಯಲ್ಲಿ.

ನಾನು ಮೇಷ್ಟ್ರಿಗೆ ಮನೆಯವರು ನಿಂತಿರಲಿ ಎಂದಷ್ಟೇ ಹೇಳಿದ್ದೆ. ಬರೆದುಕೊಡುತ್ತೇನೆಂದು ಹೇಳಿರಲಿಲ್ಲ. ಅವ್ವ ಈಗ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾಳೆ. ಮಂಗಳವಾರ ತಾಲೂಕು ಕಚೇರಿಯಲ್ಲಿ ವಿಚಾರಣೆ ಇದೆ. ರಜೆ ಹಾಕಿದ್ದೇನೆ.