ಬೀಗರ ಮನೆಯ ನೆಲ ತಟ್ಟಿದ್ದು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ನೆಲಕ್ಕೆ ಹೋಗುತ್ತದೆ. ಕೆಲವರು ಇದನ್ನು ವಿನಯ ಎಂದು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ, ನನಗೇನೂ ನಷ್ಟವಿಲ್ಲ. ನಿಜ ಏನೆಂದರೆ, ಇಪ್ಪತ್ತೇಳು ವರ್ಷದಿಂದ ಚಿತ್ರದುರ್ಗದಲ್ಲಿ ಟೈಲ್ಸ್ ಮತ್ತು ಅದನ್ನು ಅಂಟಿಸುವ ಗಮ್ಮಿನ ಅಂಗಡಿ ಇಟ್ಟುಕೊಂಡಿರುವವನಿಗೆ ಜನರ ಮುಖ ನೆನಪಿರುವುದಿಲ್ಲ, ನೆಲ ನೆನಪಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೈ ಹಿಡಿದು ‘ನೆನಪೈತಾ ಸಾರ್?’ ಎಂದರೆ ನಾನು ಪೆಚ್ಚು ನಗೆ ನಗುತ್ತೇನೆ. ‘ಹಾಲ್‌ಗೆ ಬಾದಾಮಿ ಬಣ್ಣ ಹಾಕಿಸಿದ್ವಿ’ ಎಂದರೆ ಸಾಕು, ಅವರ ಮನೆಯ ಮೂಲೆ ಮೂಲೆಯೂ ಕಣ್ಣಿಗೆ ಕಟ್ಟುತ್ತದೆ.

ಈ ಊರಿನಲ್ಲಿ ಗಮ್ಮು ಮಾರುವುದು ಸ್ವಲ್ಪ ನಾಚಿಕೆಯ ಕೆಲಸವೇ. ಅಂಗಡಿಯ ಬಾಗಿಲಲ್ಲಿ ನಿಂತು ತಲೆ ಎತ್ತಿದರೆ ಕೋಟೆ ಕಾಣುತ್ತದೆ. ಅದರ ಗೋಡೆಗಳಲ್ಲಿ ಕಲ್ಲಿನ ಮೇಲೆ ಕಲ್ಲನ್ನು ಗಾರೆಯಿಲ್ಲದೆ ಕೂರಿಸಿದ್ದಾರೆ ಎಂದು ಗೈಡುಗಳು ಪ್ರವಾಸಿಗಳಿಗೆ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಅಷ್ಟು ದೊಡ್ಡ ಕಲ್ಲುಗಳು ಏನೂ ಬಳಿಯದೆ ನಿಂತಿರುವಾಗ, ಒಂದು ಬಿಸ್ಕತ್ತಿನಂಥ ಟೈಲ್ಸ್ ನಿಲ್ಲಲು ಎಷ್ಟೆಲ್ಲ ರಾಮಾಯಣ! ಚೀಲದ ಮೇಲೆ ಬರೆದಷ್ಟೇ ನೀರು ಹಾಕಬೇಕು, ಹಲ್ಲಿರುವ ಕರಣೆಯಿಂದ ನೆಲದ ತುಂಬ ಎಳೆಯಬೇಕು, ರಬ್ಬರ್ ಸುತ್ತಿಗೆಯಿಂದ ಕೂರಿಸಬೇಕು, ಒಂದು ದಿನ ಯಾರೂ ತುಳಿಯಬಾರದು. ಇದನ್ನು ಇಪ್ಪತ್ತೇಳು ವರ್ಷ ಹೇಳಿದ್ದೇನೆ. ಕೇಳಿದವರು ಕಡಿಮೆ.

ನಮ್ಮ ಕಡೆಯ ಕೆಲವು ಮೇಸ್ತ್ರಿಗಳದ್ದು ಬೇರೆಯೇ ಶಾಸ್ತ್ರ. ಗಮ್ಮನ್ನು ಪೂರ್ತಿ ಎಳೆಯುವ ತಾಳ್ಮೆ ಅವರಿಗಿಲ್ಲ. ಟೈಲ್ಸನ್ನು ಬೋರಲು ಹಾಕಿ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಮುದ್ದೆ ಇಟ್ಟು ಒತ್ತಿಬಿಡುತ್ತಾರೆ. ನೋಡಲು ನೆಲ ಕನ್ನಡಿಯ ಹಾಗಿರುತ್ತದೆ. ಮುದ್ದೆ ಮುದ್ದೆಯ ನಡುವೆ ಮಾತ್ರ ಬರೀ ಗಾಳಿ. ಕಣ್ಣಿಗೆ ಕಾಣದ ಈ ಗಾಳಿ ಕಿವಿಗೆ ಕೇಳುತ್ತದೆ. ತಟ್ಟಿದರೆ ಗಟ್ಟಿ ನೆಲ ‘ಟಕ್’ ಎನ್ನುತ್ತದೆ, ಟೊಳ್ಳು ನೆಲ ‘ಡುಬ್’ ಎನ್ನುತ್ತದೆ. ಹಾಗಾಗಿ ತಟ್ಟುವುದು ನನ್ನ ಕಸುಬು. ಕಸುಬು ಹೋಗಿ ಚಾಳಿಯಾಗಿದೆ. ಮದುವೆ ಮನೆ, ಸಾವಿನ ಮನೆ, ಆಸ್ಪತ್ರೆ, ಎಲ್ಲಿ ಹೋದರೂ ನನ್ನ ಹಿಮ್ಮಡಿ ತನ್ನಷ್ಟಕ್ಕೆ ತಟ್ಟುತ್ತಿರುತ್ತದೆ. ಅದಕ್ಕೂ ನನಗೂ ಸಂಬಂಧವೇ ಇಲ್ಲವೇನೋ ಎನ್ನುವ ಹಾಗೆ.

ಈ ಚಾಳಿ ನನ್ನ ಮಗಳ ಸಂಬಂಧಕ್ಕೇ ಕುತ್ತು ತಂದಿತು.

ಮಗಳು ರೂಪಾ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ರಜೆಯಲ್ಲಿ ಅಂಗಡಿಯಲ್ಲಿ ಕೂತು ಬೆಳೆದವಳು. ಅವಳಿಗೆ ಹೊಸದುರ್ಗದ ಒಂದು ಸಂಬಂಧ ಬಂತು. ಹುಡುಗ ದನದ ಡಾಕ್ಟರು, ತಂದೆ ನಿವೃತ್ತ ಹೆಡ್‌ಮಾಸ್ತರು. ಹುಡುಗನ ಕಡೆಯವರು ಬಂದು ಹುಡುಗಿಯನ್ನು ನೋಡಿ ಒಪ್ಪಿಹೋದರು. ಇನ್ನು ನಾವು ಹೋಗಿ ಅವರ ಮನೆ ನೋಡಿ ಬರುವ ಶಾಸ್ತ್ರ. ಮನೆ ನೋಡುವುದು ಎಂದರೆ ಮನೆ ನೋಡುವುದಲ್ಲ ಎಂದು ಎಲ್ಲರಿಗೂ ಗೊತ್ತು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಬಾವಿ, ಬಚ್ಚಲು, ದೇವರಮನೆಗಳನ್ನು ಹೊಗಳಿ, ಮುಂದಿನ ಮಾತಿಗೆ ದಿನ ಗೊತ್ತುಮಾಡಿಕೊಂಡು ಬರುವುದು. ಈಗಿನ ಕಾಲದವಳಾದ ರೂಪಾ ತಾನೂ ಬರುತ್ತೇನೆಂದಳು. ‘ನೀವು ಬಾಯಿ ಮುಚ್ಕಂಡು ಕುಂತ್ಕಳ್ರಿ’ ಎಂದು ನನ್ನ ಹೆಂಡತಿ ದಾರಿಯುದ್ದಕ್ಕೂ ಹೇಳಿದಳು. ಬಾಯಿ ಮುಚ್ಚಿಕೊಂಡೇ ಕೂತೆ. ಕಾಲಿನ ಬಗ್ಗೆ ಅವಳು ಏನೂ ಹೇಳಿರಲಿಲ್ಲ.

ಹೆಡ್‌ಮಾಸ್ತರು ತಮ್ಮ ಹಾಲ್ ತೋರಿಸುತ್ತ, ‘ಆರು ವರ್ಷ ಆತು ನೋಡ್ರಿ, ನೆಲ ಹೆಂಗೈತೆ!’ ಎಂದರು. ಅದೇ ಹೊತ್ತಿಗೆ ನನ್ನ ಹಿಮ್ಮಡಿ ಡುಬ್ ಎಂದಿತು. ಪಕ್ಕದ ಟೈಲ್ಸಿಗೆ ಕಾಲಿಟ್ಟೆ. ಡುಬ್. ಅದರಾಚೆಯದ್ದೂ ಡುಬ್. ಆಮೇಲೆ ನಾನು ಮಾಡಿದ್ದಕ್ಕೆ ಇವತ್ತಿಗೂ ನನ್ನಲ್ಲಿ ಸಮಜಾಯಿಷಿ ಇಲ್ಲ. ಕಾಫಿ ಲೋಟವನ್ನು ಕುರ್ಚಿಯ ಮೇಲಿಟ್ಟು, ಮೊಣಕಾಲೂರಿ ಕೂತು, ಬೆರಳಿನ ಗೆಣ್ಣಿನಿಂದ ನೆಲ ತಟ್ಟತೊಡಗಿದೆ.

‘ಏನಾತ್ರಿ? ಏನಾರ ಬಿತ್ತಾ?’ ಎಂದರು ಹೆಡ್‌ಮಾಸ್ತರು.

‘ಟೊಳ್ಳೈತೆ ಸಾರ್’ ಎಂದೆ. ‘ಅರ್ಧ ಹಾಲ್ ಟೊಳ್ಳೈತೆ.’

ಹೇಳಬಾರದಿತ್ತು. ಆದರೆ ಹೇಳದೆ ಹೇಗಿರುವುದು? ನಾಳೆ ಮಂಚ, ಬೀರು ಎಳೆದಾಡುವಾಗ ಟೈಲ್ಸ್ ಒಡೆದರೆ, ಇದೇ ಕಸುಬಿನ ಬೀಗ ಬಂದು ಕಾಫಿ ಕುಡಿದು ಸುಮ್ಮನೆ ಹೋದ ಎನ್ನುವುದಿಲ್ಲವೇ? ಹೇಳಿದ್ದು ಸರಿಯೋ ತಪ್ಪೋ ಎಂದು ನನಗೆ ಮೊಣಕಾಲಿನ ಮೇಲೆ ಕೂತಾಗಲೂ ಗೊತ್ತಾಗಲಿಲ್ಲ, ಎದ್ದು ನಿಂತಾಗಲೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹುಡುಗ ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ. ತಾನೂ ತಟ್ಟಿದ. ಕಿವಿ ಕೊಟ್ಟು ಕೇಳಿ, ‘ಹೌದಪ್ಪ, ಇಲ್ಲಿ ಗಾಳಿ ತುಂಬೈತೆ. ಹೊಟ್ಟೆ ಉಬ್ಬರಿಸಿದ ಎಮ್ಮೆ ಪಕ್ಕೆ ತಟ್ಟಿದ್ರೆ ಇದೇ ಸದ್ದು’ ಎಂದ. ರೂಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಡ್‌ಮಾಸ್ತರು ನಗಲಿಲ್ಲ. ಜೀವಮಾನವಿಡೀ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವರು, ತಮ್ಮದೇ ಹಾಲಿನಲ್ಲಿ ಮಗನೇ ಎಮ್ಮೆಯ ಮಾತು ಎತ್ತಿದ್ದನ್ನು ಹೇಗೆ ತಡೆದುಕೊಂಡಾರು? ಮುಂದಿನ ಮಾತಿಗೆ ದಿನ ಗೊತ್ತುಮಾಡುವ ವಿಷಯವೇ ಬರಲಿಲ್ಲ. ‘ಹೋಗ್ಬರ್ರಿ’ ಎಂದರು, ಅಷ್ಟೆ.

ಕಾರಿನಲ್ಲಿ ಹೆಂಡತಿ, ‘ಒಂದು ಗಂಟೆ ನೆಟ್ಟಗೆ ಕುಂತ್ಕಳಾಕೆ ಆಗಲಿಲ್ವಾ ನಿಮಗೆ?’ ಎಂದು ಹೊಳಲ್ಕೆರೆ ದಾಟುವವರೆಗೂ ಬೈದಳು. ಅದು ನನಗೆ ರೂಢಿ. ರೂಪಾ ಕಿಟಕಿಯ ಕಡೆ ಮುಖ ಮಾಡಿಕೊಂಡು, ‘ಅಪ್ಪಾಜಿ, ನಂಗೆ ಹುಡುಗ ಇಷ್ಟ ಆಗಿದ್ರು’ ಎಂದಳು. ಆಗಿದ್ದಾರೆ ಎನ್ನಲಿಲ್ಲ, ಆಗಿದ್ರು ಎಂದಳು. ನನಗೆ ಅಳು ಬಂತು. ಯಾರ ಯಾರದೋ ಮನೆಯ ನೆಲ ಗಟ್ಟಿ ಮಾಡಿಕೊಡುತ್ತೇನೆಂದು ತಿರುಗಿದವನು ಮಗಳ ಕಾಲ ಕೆಳಗಿನ ನೆಲವನ್ನೇ ಕಿತ್ತುಬಿಟ್ಟೆನಲ್ಲ ಎನ್ನಿಸಿತು.

ಎಂಟು ದಿನ ಆ ಕಡೆಯಿಂದ ಸುದ್ದಿಯಿಲ್ಲ. ನಾನಾಗಿ ಫೋನ್ ಮಾಡಿ ಕ್ಷಮೆ ಕೇಳಲೇ? ಏನೆಂದು ಕೇಳುವುದು? ಟೊಳ್ಳಿಲ್ಲ, ಗಟ್ಟಿ ಇದೆ ಎಂದು ಸುಳ್ಳು ಹೇಳಲೇ? ಗಿರಾಕಿಗಳು ಬಿಳಿ ಕೇಳಿದರೆ ಬೂದು ಕೊಟ್ಟೆ. ಹಿರಿಯೂರಿಗೆ ಹೋಗಬೇಕಾದ ಲೋಡನ್ನು ಆದಿವಾಲಕ್ಕೆ ಕಳಿಸಿದೆ. ಒಂಬತ್ತನೆಯ ದಿನ ಹೆಡ್‌ಮಾಸ್ತರ ಫೋನ್ ಬಂತು. ‘ಭಾನುವಾರ ಮನಿಗೆ ಬರ್ರಿ’ ಎಂದವರೇ ಇಟ್ಟುಬಿಟ್ಟರು.

ಬೀಗ ಎಂದು ಕರೆದರೋ, ಟೈಲ್ಸಿನವನು ಎಂದು ಕರೆದರೋ? ಹಣ್ಣು ಹೂವು ಒಯ್ಯುವುದೋ, ಗಮ್ಮು ಕರಣೆ ಒಯ್ಯುವುದೋ? ಹೆಂಡತಿಯನ್ನು ಕೇಳಿದರೆ, ‘ನಂಗೇನು ಗೊತ್ತು, ತಟ್ಟಿ ನೋಡ್ಕಳ್ರಿ’ ಎಂದಳು. ಕೊನೆಗೆ ಕಾರಿನ ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ, ಡಿಕ್ಕಿಯಲ್ಲಿ ಗಮ್ಮಿನ ಚೀಲ ಇಟ್ಟುಕೊಂಡು ಒಬ್ಬನೇ ಹೋದೆ.

ಬಾಗಿಲಿಗೆ ಹುಡುಗನ ತಾಯಿ ಬಂದರು. ಏನು ಮಾಡುವುದೆಂದು ತಿಳಿಯದೆ, ‘ಅಮ್ಮ, ಹಣ್ಣೂ ಐತೆ, ಗಮ್ಮೂ ಐತೆ. ಯಾವುದು ಇಳಿಸ್ಲಿ?’ ಎಂದು ಕೇಳಿಯೇಬಿಟ್ಟೆ. ಆ ತಾಯಿ ನನ್ನನ್ನು ಒಂದು ಸಲ ಪೂರ್ತಿ ನೋಡಿ, ‘ಎರಡೂ ಇಳಿಸ್ರಿ’ ಎಂದರು.

ಒಳಗೆ ಸೋಫಾ, ಟೀವಿ ಎಲ್ಲ ಗೋಡೆಗೆ ಸರಿದಿದ್ದವು. ನಡುವೆ ಒಂದು ಟೈಲ್ಸ್ ಎತ್ತಿ ಪಕ್ಕಕ್ಕಿಟ್ಟಿದ್ದರು. ಕೆಳಗೆ ಐದು ಮುದ್ದೆ. ಹೆಡ್‌ಮಾಸ್ತರು ಅದನ್ನೇ ನೋಡುತ್ತ ನಿಂತಿದ್ದರು. ‘ನನಗೆ ಇನ್ನೂ ಸಿಟ್ಟು ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ. ಆದ್ರೆ ಆರು ವರ್ಷ ಬಂದೋರೆಲ್ಲ ಚಂದೈತೆ ಚಂದೈತೆ ಅಂದು ಹೋದ್ರಲ್ಲ, ಅವರ ಮೇಲೆ ಇನ್ನೂ ಜಾಸ್ತಿ ಸಿಟ್ಟು ಬಂದೈತೆ’ ಎಂದರು. ಆಮೇಲೆ ತಾವೇ ಪಂಚೆ ಎತ್ತಿ ಕಟ್ಟಿಕೊಂಡು ಬಕೆಟ್ಟಿಗೆ ನೀರು ತಂದರು.

ನಾನು ಕೂತು ಎತ್ತಿಟ್ಟ ಟೈಲ್ಸನ್ನು ಕೈಗೆ ತೆಗೆದುಕೊಂಡೆ. ಒಂದು ಚೂರೂ ಮುಕ್ಕಾಗಿರಲಿಲ್ಲ. ಅಕ್ಕಪಕ್ಕದವಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಸುತ್ತಲಿನ ಸಂದಿಯ ಸಿಮೆಂಟನ್ನು ಮೊದಲು ಕೆರೆದು, ಟೊಳ್ಳಿರುವ ಅಂಚು ಹುಡುಕಿ, ಅಲ್ಲಿಂದ ತೆಳ್ಳನೆಯ ಕಬ್ಬಿಣದ ಪಟ್ಟಿ ತೂರಿಸಿ ಎಬ್ಬಿಸದೆ ಹೀಗೆ ಬರುವುದೇ ಇಲ್ಲ. ಪಳಗಿದ ಮೇಸ್ತ್ರಿಗಳೇ ಎರಡು ಒಡೆದು ಒಂದು ತೆಗೆಯುತ್ತಾರೆ.

‘ಯಾವ ಮೇಸ್ತ್ರಿ ತೆಗೆದದ್ದು?’ ಎಂದೆ.

‘ನಾನೇ’ ಎಂದ ಹುಡುಗ.

‘ನಿಮಗೆ ಯಾರು ಹೇಳಿಕೊಟ್ರು?’

ಡಾಕ್ಟರ ಕಿವಿ ಕೆಂಪಾಯಿತು. ಅಪ್ಪನ ಕಡೆ ನೋಡಿ, ನೆಲದ ಕಡೆ ನೋಡಿ, ಮೆಲ್ಲಗೆ ಹೇಳಿದ. ‘ನಿಮ್ಮ ಮಗಳೇ ಹೇಳಿಕೊಟ್ರು. ಫೋನಲ್ಲಿ. ಒಂದು ವಾರ ಹಿಡೀತು.’