ಹಾರಿದವರನ್ನು ಕಾಯುವ ಒದಾರ್ಕಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಲ್ಲುಬಯಲಿನ ಅಂಚಿನಲ್ಲಿ ನಿಂತ ಎರಡು ಸೀಟಿನ ಹಳೇ ವಿಮಾನದ ಪಂಖವನ್ನು ಒದಾರ್ಕಾ ಎರಡೂ ಕೈಯಿಂದ ಹಿಡಿದು ತಿರುಗಿಸುತ್ತಿದ್ದಾರೆ. ರಾತ್ರಿ ಎಂಜಿನ್ನಿನ ತಳಕ್ಕಿಳಿದ ಎಣ್ಣೆ ಹೀಗೆ ತಿರುಗಿಸಿದರೇ ಸರಿಯುವುದು. "ಏಳೇ ಮುದುಕಿ, ಸೊಂಟನೋವು ನಿನ್ನೊಬ್ಬಳಿಗೇ ಅಲ್ಲ," ಎಂದು ವಿಮಾನವನ್ನೇ ಗದರುತ್ತಾರೆ.

ಕಪ್ಪು ಸಮುದ್ರದ ಹತ್ತಿರದ ಈ ಬಯಲಿನಿಂದ ಏಳುವುದು ಜೆಟ್ ಅಲ್ಲ, ಒಂದು ಕಾಲದಲ್ಲಿ ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ವಿಮಾನ. ರಷ್ಯಾದ ಗೂಢಚಾರ ಡ್ರೋನ್ ನಮ್ಮ ಬಂದರಿನ ಮೇಲೆ ಸುತ್ತತೊಡಗಿದರೆ ಇದು ಏರಿ ಅದರ ಪಕ್ಕಕ್ಕೇ ಹೋಗುತ್ತದೆ. ಮುಂದೆ ಕೂತ ಯುಖಿಮ್ ಓಡಿಸುತ್ತಾನೆ. ಹಿಂದೆ ಕೂತ ಲೆವ್ಕೊ ಗಾಜಿನ ಮುಚ್ಚಳ ಸರಿಸಿ, ಬಾತು ಬೇಟೆಯ ಬಂದೂಕಿನಿಂದ ಹೊಡೆಯುತ್ತಾನೆ. ನಗಬೇಡಿ, ಡ್ರೋನ್ ಬೀಳುತ್ತದೆ. ಬೀಳದಿದ್ದರೆ, ಅದರ ಕಣ್ಣಿಗೆ ಬಿದ್ದ ಕಡೆಗೆ ಸ್ವಲ್ಪ ಹೊತ್ತಿನಲ್ಲೇ ಕ್ಷಿಪಣಿ ಬರುತ್ತದೆ. ಹುಡುಗರಿಬ್ಬರ ಫೋಟೊ ಪತ್ರಿಕೆಯಲ್ಲಿ ಬಂದಾಗಿದೆ. ವಿಮಾನದ ಕೀಲುಕೀಲೂ ನೋಡಿಕೊಳ್ಳುವ ಈ ಹೆಂಗಸಿನದು ಬಂದಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ, ಬರೆಯಲೆಂದು ನಾನಿಲ್ಲಿಗೆ ಬಂದದ್ದೂ ಅದಕ್ಕೇ.

ಒದಾರ್ಕಾ ಮೊದಲು ಗೋಧಿ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನಗಳ ಮೆಕ್ಯಾನಿಕ್. ಕಳೆದ ಚಳಿಗಾಲ ಪಕ್ಕದ ಬೀದಿಗೆ ಕ್ಷಿಪಣಿ ಬಿದ್ದು ಮನೆಯ ಕಿಟಕಿಗಳೆಲ್ಲ ಹೋದವು. ಹಲಗೆ ಬಡಿದು ಮರುದಿನವೇ ಕೆಲಸಕ್ಕೆ ಬಂದರು. "ಈಗ ಪಕ್ಕದ್ಮನೆಯೋಳು ಇಣುಕೋದು ತಪ್ಪಿತು," ಅನ್ನುತ್ತಾರೆ.

ಇಲ್ಲೊಂದು ಪದ್ಧತಿಯಿದೆ. ಹಾರುವವರು ಚಹಾವನ್ನು ಅರ್ಧಕ್ಕೇ ಬಿಟ್ಟು ಹೋಗಬೇಕು, ಬಂದು ಉಳಿದದ್ದನ್ನು ಕುಡಿಯಬೇಕು. ಅಲ್ಲಿಯವರೆಗೆ ಆ ಲೋಟಗಳನ್ನು ಯಾರೂ ಮುಟ್ಟುವಂತಿಲ್ಲ.

ಇಂದು ರೇಡಿಯೊ ಕೂಗಿದ್ದೇ ತಡ, ಹುಡುಗರಿಬ್ಬರೂ ಚಹಾ ಅರ್ಧಕ್ಕೇ ಬಿಟ್ಟು ಓಡುತ್ತಾರೆ. ವಿಮಾನಕ್ಕೆ ಆಶೀರ್ವಾದ ಮಾಡಲು ಬಂದಿದ್ದ ಪಾದ್ರಿ ಮೆಥೋಡಿ ಸುಮ್ಮನಿರಬೇಕೋ ಬೇಡವೋ? ಉಪಕಾರವೆಂದು ಎರಡೂ ಲೋಟ ತೊಳೆದಿಡುತ್ತಾರೆ.

"ಅಯ್ಯೋ ಫಾದರ್! ಯಾರು ತೊಳೀರಿ ಅಂದ್ರು ನಿಮಗೆ?" ಒದಾರ್ಕಾ ಕೂಗುತ್ತಾರೆ.

"ಅದೆಲ್ಲ ಮೂಢನಂಬಿಕೆ ಕಣಮ್ಮ."

"ಮತ್ತೆ ನೀವು ರೆಕ್ಕೆಗೆ ನೀರು ಚಿಮುಕಿಸಿದ್ದು ಏನಂತೆ?"

ಪಾದ್ರಿ ತೊಳೆದ ಲೋಟಗಳನ್ನು ಮತ್ತೆ ಇದ್ದಲ್ಲಿಗೇ ತಂದಿಡುತ್ತಾರೆ.

ಡ್ರೋನ್ ಬಿತ್ತೆಂದು ಬಂದರಿನವರು ಸುದ್ದಿ ಕೊಡುತ್ತಾರೆ. ವಿಮಾನ ಮಾತ್ರ ಬರುವುದಿಲ್ಲ. ಯುಖಿಮ್‌ನನ್ನು ಕರೆದರೆ ರೇಡಿಯೊದಲ್ಲಿ ಬರೀ ಗೊರಗೊರ. ಒದಾರ್ಕಾ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಾರೆ. ಇಂಧನ ಮುಗಿಯುವ ಹೊತ್ತಾಯಿತು. ಪಾದ್ರಿ ಮೆಲ್ಲಗೆ ಒಲೆ ಹಚ್ಚಿ, ಚಹಾ ಕಾಸಿ, ಲೋಟಗಳಿಗೆ ಸುರಿಯುತ್ತಾರೆ. "ಅರ್ಧಕ್ಕೇ ಹಾಕಿದೀನಿ," ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ.

ಕೊನೆಗೂ ಸದ್ದು ಕೇಳುತ್ತದೆ, ಅದೂ ಬೆನ್ನ ಹಿಂದಿನಿಂದ. ಡ್ರೋನಿನ ಚೂರು ಬಡಿದು ಆಂಟೆನಾ ಹಾರಿಹೋಗಿದೆ. ಗುರುತು ಸಿಗದೆ ನಮ್ಮವರೇ ಹೊಡೆದಾರೆಂದು ಯುಖಿಮ್ ಸೂರ್ಯಕಾಂತಿ ಹೊಲಗಳ ಮೇಲೆ ಬಳಸಿಕೊಂಡು ಬಂದಿದ್ದಾನೆ.

"ಚಿಕ್ಕಮ್ಮಾ, ಒಂದೇ ಗುಂಡು!" ಲೆವ್ಕೊ ಕೆಳಕ್ಕೆ ಜಿಗಿಯುತ್ತಾನೆ.

"ಬಿಡ್ತಾನೆ ನೋಡು ರೈಲು! ಮೊದಲಿನವೆಲ್ಲ ಮೋಡಕ್ಕೆ ಹೊಡ್ದ," ಅನ್ನುತ್ತಾನೆ ಯುಖಿಮ್.

ಒದಾರ್ಕಾ ಇಬ್ಬರ ಬೆನ್ನಿಗೂ ಒಂದೊಂದು ಗುದ್ದು ಕೊಡುತ್ತಾರೆ. "ಸತ್ತೇ ಹೋದ್ರಿ ಅಂದ್ಕೊಂಡೆ ಕಣ್ರೋ, ಪಾಪಿಗಳಾ!"

ಲೆವ್ಕೊ ಲೋಟ ತುಟಿಗಿಟ್ಟು, "ಇದೇನು, ಇನ್ನೂ ಬಿಸಿ ಇದೆ?" ಅನ್ನುತ್ತಾನೆ. ಪಾದ್ರಿಗೆ ಎಲ್ಲಿಲ್ಲದ ಕೆಮ್ಮು ಬರುತ್ತದೆ.

ಒದಾರ್ಕಾ ಆಗಲೇ ಹೊಸ ಆಂಟೆನಾ ಹಿಡಿದು ಏಣಿ ಹತ್ತಿದ್ದಾರೆ. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಹಾರಿದ್ದೀರಾ ಎಂದು ಕೇಳುತ್ತೇನೆ. ಇಲ್ಲವೆಂದು ತಲೆಯಾಡಿಸುತ್ತಾರೆ.

"ಎಷ್ಟು ಸಲ ಕರೆದೆ, ಬರೋದೇ ಇಲ್ಲ ಅಂತಾರೆ," ಯುಖಿಮ್ ದೂರುತ್ತಾನೆ.

"ಯುದ್ಧ ಮುಗೀಲಿ, ಒಂದು ಸುತ್ತು ಕೂರಿಸ್ಕೊಂಡು ಹೋಗು, ಆಸೆ ನಂಗೂ ಇದೆ," ಒದಾರ್ಕಾ ತಿರುಪು ಬಿಗಿಯುತ್ತಲೇ ಹೇಳುತ್ತಾರೆ. "ಈಗ ನಾನೂ ಮೇಲೆ ಹೋದ್ರೆ, ಕೆಳಗೆ ನಿಮಗೋಸ್ಕರ ಕಾಯೋರ್ಯಾರು?"