ಮಗು ಮಿಸುಕದಂತೆ ನೋಡಿಕೊಳ್ಳುವ ಮೀಸೆ ಮಾಮ

ಬೆಳಕು ಈಗಷ್ಟೇ ಹರಿಯುತ್ತಿದೆ. ಮಕ್ಕಳ ಹೃದಯದ ಸ್ಕ್ಯಾನಿಂಗ್ ಕೋಣೆಯಲ್ಲಿ ಮೀಸೆ ಮಾಮ ಜೆಲ್ ಬಾಟಲಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸುತ್ತಿದ್ದಾರೆ. "ತಣ್ಣಗಿರೋದನ್ನ ಎದೆಗೆ ಹಚ್ಚಿದ್ರೆ ದೊಡ್ಡೋರೇ ಬೆಚ್ಚಿಬೀಳ್ತೀವಿ. ಇವು ಹಸುಗೂಸುಗಳು, ಪಾಪ," ಎನ್ನುತ್ತಾರೆ.

ಆಸ್ಪತ್ರೆಯ ಲೆಕ್ಕದಲ್ಲಿ ಅವರು ಅಟೆಂಡರ್. ಸ್ಟ್ರೆಚರ್ ತಳ್ಳಿ ತಳ್ಳಿ ಬೆನ್ನು ಕೈಕೊಟ್ಟ ಮೇಲೆ ಈ ಕೋಣೆಗೆ ಬಂದರು. ಸ್ಕ್ಯಾನ್ ಮುಗಿಯುವವರೆಗೆ ಮಗು ಮಿಸುಕದಂತೆ ನೋಡಿಕೊಳ್ಳುವುದೇ ಈಗ ಅವರ ಕೆಲಸ. ಅತ್ತು ಕೈಕಾಲು ಬಡಿದರೆ ಪರದೆಯ ಮೇಲಿನ ಚಿತ್ರ ಕಲಸುಮೇಲೋಗರ. ಅದಕ್ಕೇ ತಮ್ಮ ಪೊದೆಮೀಸೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಣಿಸುತ್ತಾರೆ. ದಿನಕ್ಕೆ ಇಪ್ಪತ್ತು ಮಕ್ಕಳಾದರೂ ಬರುತ್ತವೆ, ಸಂಜೆಗೆ ತುಟಿ ಮರಗಟ್ಟಿರುತ್ತದೆ. "ಮನೇಲಿ ಮಾತೇ ಆಡಲ್ಲ ಅಂತ ಹೆಂಡತಿಗೆ ಸಿಟ್ಟು. ಆಡೋಕೆ ಬಾಯಿ ಬರಬೇಕಲ್ಲ?"

ಇಂದಿನ ಮೊದಲ ಸರದಿ ಇನ್ನೂ ವರ್ಷ ತುಂಬದ ಗಂಡುಮಗುವಿನದು. ಹುಟ್ಟುವಾಗಲೇ ಹೃದಯದ ಗೋಡೆಯಲ್ಲಿ ತೂತು. ಮೊದಲ ಸಲ ಬಂದಾಗ, ತೂತು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ತಂತ್ರಜ್ಞೆ ನೋಡುತ್ತಲೇ ಹೋದರು. ರಕ್ತ ಹೊರಹೋಗುವ ದಾರಿಯ ಪಕ್ಕದಲ್ಲೇ ಒಂದು ಗೆಡ್ಡೆಯೂ ಕಂಡಿತು. ಗಾಯದ ಮೇಲೆ ಬರೆ ಎಂದರೆ ಇದೇ. ಕ್ಯಾನ್ಸರ್ ಅಲ್ಲ, ಇಂಥ ಗೆಡ್ಡೆ ಎಷ್ಟೋ ಸಲ ತಾನಾಗಿಯೇ ಕರಗುತ್ತದೆ, ಕಾದು ನೋಡೋಣ ಎಂದಿದ್ದರು ಡಾಕ್ಟರು. ಬೆಳೆದಿದ್ದರೆ ತೂತು ಮುಚ್ಚುವುದರ ಜೊತೆಗೆ ಅದನ್ನೂ ಕತ್ತರಿಸಬೇಕು. ಅಷ್ಟನ್ನು ಆ ಪುಟ್ಟ ಎದೆ ತಡೆದೀತೇ ಎಂಬುದೇ ಎಲ್ಲರ ಭಯ. ಗೆಡ್ಡೆ ಬೆಳೆದಿದೆಯೋ ಕರಗಿದೆಯೋ ಇವತ್ತು ಗೊತ್ತಾಗಬೇಕು. ತಾಯಿಯ ಮುಖದಲ್ಲಿ ರಕ್ತವೇ ಇಲ್ಲ.

"ಅವತ್ತು ಕಂಡುಹಿಡಿದಿದ್ದು ಸ್ಕ್ಯಾನ್ ಮಾಡೋ ಮೇಡಂ. ನಾನು ಮೀಸೆ ಕುಣಿಸಿದ್ದಷ್ಟೇ," ಎನ್ನುತ್ತಾರೆ ಮಾಮ.

ಇಂದು ಮಾತ್ರ ಮೀಸೆಯ ಆಟ ನಡೆಯುವುದಿಲ್ಲ. ಮಗು ರಚ್ಚೆ ಹಿಡಿದಿದೆ. ಮಾಮ ಇನ್ನಷ್ಟು ಬಗ್ಗುತ್ತಾರೆ. ಮಗು ಮುಷ್ಟಿ ತುಂಬ ಮೀಸೆ ಹಿಡಿದು ಜಗ್ಗುತ್ತದೆ, ಅಳು ನಿಲ್ಲುತ್ತದೆ. ಸ್ಕ್ಯಾನ್ ಮುಗಿಯುವವರೆಗೂ ಆ ನೋಯುವ ಬೆನ್ನು ನೆಟ್ಟಗಾಗುವುದಿಲ್ಲ. ನೋವಿಗೆ ಕಣ್ಣಲ್ಲಿ ನೀರು ಬಂದರೂ ಮಾಮ ಮುಷ್ಟಿ ಬಿಡಿಸುವುದಿಲ್ಲ.

ಡಾಕ್ಟರು ಬಂದು ಪರದೆ ನೋಡುತ್ತಾರೆ. "ಅರ್ಧಕ್ಕರ್ಧ ಕರಗಿದೆ ಕಣಮ್ಮ. ಅದರ ತಂಟೆಗೆ ಹೋಗೋದು ಬೇಡ, ತೂತು ಮುಚ್ಚಿದ್ರೆ ಸಾಕು."

ತಾಯಿ ಗೋಡೆಗೊರಗಿ ಅತ್ತುಬಿಡುತ್ತಾಳೆ.

"ದೊಡ್ಡವನಾದ್ಮೇಲೆ ನಿಮ್ಮ ವಿಷಯ ಹೇಳೇ ಹೇಳ್ತೀನಿ ಅಣ್ಣ," ಎನ್ನುತ್ತಾಳೆ ಆಕೆ.

"ಬೇಡಮ್ಮ," ಮಾಮ ತುಟಿ ಉಜ್ಜಿಕೊಳ್ಳುತ್ತಾರೆ. "ನಾನು ನೆನಪಾದ್ರೆ ಈ ಕೋಣೇನೂ ನೆನಪಾಗುತ್ತೆ. ಎಲ್ಲಾದ್ರೂ ಎದುರಿಗೆ ಸಿಕ್ರೆ, ಯಾರೋ ಮುದುಕ ಅಂತ ನನ್ನ ದಾಟ್ಕೊಂಡು ಓಡ್ಬೇಕು ಅವನು. ಏದುಸಿರು ಬಿಡದೆ ಓಡ್ಬೇಕು, ಅಷ್ಟೇ."